ಸೊಪ್ಪಿನಜ್ಜಿ ನೀರು ಮುಟ್ಟದ ಒಂಬತ್ತು ದಿನ

“ನಮ್ಮ ಗೇಟಲ್ಲಿ ಬಸ್ಸು ನಿಲ್ಲೋದೂ ಒಂದೇ, ಇವ್ಳು ಡಿಗ್ರಿ ಮಾಡೋದೂ ಒಂದೇ. ಎರಡೂ ಆಗೋ ಮಾತಲ್ಲ ಬುಡಣ್ಣ!”

ಹೀಗಂದಿದ್ದು ನನ್ನ ಸ್ವಂತ ಚಿಕ್ಕಪ್ಪ. ನಮ್ಮ ಜಗಲಿ ಮೇಲೆ ಕೂತು, ಅಪ್ಪನಿಗೆ. ಪಕ್ಕದಲ್ಲೇ ದಂಟಿನ ಸೊಪ್ಪು ಬಿಡಿಸುತ್ತಿದ್ದವಳು ಸೊಪ್ಪಿನಜ್ಜಿ, ನಮ್ಮೂರಲ್ಲಿ ಸೊಪ್ಪು ಮಾರುವವಳು; ತಲೆ ಎತ್ತಲಿಲ್ಲ. ಅವಳ ಹೆಬ್ಬೆರಳಿನ ಉಗುರು ಮಾತ್ರ ಚಟ್ ಚಟ್ ಅಂತ ಕಡ್ಡಿ ಮುರಿಯುತ್ತಿತ್ತು. ಸೊಪ್ಪಿನ ರಸ ಕುಡಿದು ಕುಡಿದು ಕಡುಹಸಿರಾದ ಉಗುರು ಅದು. ಸೋಪು ಹಾಕಿ ಉಜ್ಜಿದರೂ ಬಣ್ಣ ಬಿಡುತ್ತಿರಲಿಲ್ಲ.

ಗುಬ್ಬಿಗೂ ತುಮಕೂರಿಗೂ ನಡುವೆ ನಮ್ಮೂರು. ಊರಿನ ದಾರಿ ಟಾರು ರಸ್ತೆಗೆ ಸೇರುವ ಜಾಗಕ್ಕೆ ಗೇಟ್ ಅಂತೀವಿ. ಬೆಳಿಗ್ಗೆ ಬಸ್ಸು ಅಲ್ಲಿ ಸ್ವಲ್ಪ ನಿಧಾನವಾಗಿ, ಆಸೆ ತೋರಿಸಿ, ಓಡಿಬಿಡುತ್ತಿತ್ತು. ಅಜ್ಜಿ ಬುಟ್ಟಿ ಹೊತ್ತು ತುಮಕೂರಿನ ಬೀದಿಗಳಿಗೆ, ನಾನು ಪುಸ್ತಕ ಹೊತ್ತು ಕಾಲೇಜಿಗೆ. ಇಬ್ಬರೂ ಒಟ್ಟಿಗೇ ಧೂಳು ತಿಂದು, ಸಿಕ್ಕ ಟೆಂಪೋ ಹತ್ತಿ ಹೋದವರು. ಸಂಜೆ ಇನ್ನೊಂದು ಗೋಳು: ಬಸ್ಸು ನಮ್ಮ ಗೇಟು ದಾಟಿ ನನ್ನನ್ನು ಗುಬ್ಬಿಯಲ್ಲಿ ಇಳಿಸುತ್ತಿತ್ತು. ಅಲ್ಲಿಂದ ಸಿಕ್ಕ ಆಟೋ ಹಿಡಿದು ವಾಪಸ್ ಬರಬೇಕು.

ಹಾಗೆ ಒಂದು ದಿನ ದೀಪ ಹಚ್ಚಿದ ಮೇಲೆ ಮನೆ ಸೇರಿದೆ. ಅಂತರಸನಹಳ್ಳಿಯ ಕಾರ್ಖಾನೆಯಿಂದ ದಣಿದು ಬಂದಿದ್ದ ಅಪ್ಪ ಕೇಳಿದ್ದು ಒಂದೇ ಮಾತು, “ಎಲ್ಲೋಗಿದ್ದೆ?” ಉತ್ತರಕ್ಕೆ ಮೊದಲೇ ಕೆನ್ನೆಗೆ ಬಿತ್ತು. ತಂಗಿ ಹೆದರಿ ಬಾಗಿಲ ಹಿಂದೆ ಸೇರಿಕೊಂಡಳು. “ನಾಳೆಯಿಂದ ಕಾಲೇಜು ಬಂದ್,” ಅಂದ.

ಮಾರನೆಯ ದಿನ ಅಜ್ಜಿ ಎಂದಿನಂತೆ ಸೊಪ್ಪು ಕೊಡಲು ಬಂದಳು. ಎಂದಿನಂತೆ ಅಮ್ಮ ಚೊಂಬು ತಂದಳು. ನನ್ನ ಊದಿದ ಕೆನ್ನೆ ನೋಡಿ ಅಜ್ಜಿ ಕೈ ಅಡ್ಡ ಹಿಡಿದಳು.

“ಬ್ಯಾಡ ಕಣವ್ವ. ಮಗೀಗೆ ಕೈ ಎತ್ತಿದ್ ಮನೇಲಿ ನಂಗೆ ನೀರು ಇಳಿಯಲ್ಲ.”

ನಮ್ಮ ಕಡೆ ಬಾಗಿಲಿಗೆ ಬಂದವರು ನೀರು ಬೇಡ ಅನ್ನುವುದೆಂದರೆ ಸಾಮಾನ್ಯ ಮಾತಲ್ಲ. ಹಾಗಂತ ಅವಳು ಬರುವುದನ್ನು ಬಿಡಲಿಲ್ಲ. ಅಪ್ಪನನ್ನು ಬೈಯಲಿಲ್ಲ. ಸೊಪ್ಪಿನ ಕಟ್ಟನ್ನೂ ಸಣ್ಣದು ಮಾಡಲಿಲ್ಲ. ದಿನಾ ಬಂದಳು, ನಕ್ಕಳು, ನನ್ನ ಕೆನ್ನೆ ಸವರಿದಳು, ಒಣಗಿದ ಬಾಯಲ್ಲೇ ಹೋದಳು. ಒಂಬತ್ತನೆಯ ದಿನ ಅಪ್ಪ ತಡೆಯಲಾರದೆ ಹೊರಗೆ ಬಂದ.

“ಏನವ್ವ ನೀನು, ಊರೋರ್ಗೆಲ್ಲ ಗೊತ್ತಾಗಂಗೆ ಮಾಡ್ತಿದೀಯ?”

“ನಾನ್ ಯಾರ್ಗೂ ಹೇಳಿಲ್ಲ ಕಣಪ್ಪ. ನೀನೇ ಈಗ ಬೀದಿಗೆ ಕೇಳಂಗೆ ಕೂಗ್ದೆ.”

ಅಮ್ಮ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪ ಒಳಗೆ ಹೋದ, ತಾನೇ ಚೊಂಬು ತುಂಬಿ ತಂದ. “ಇನ್ನು ಕೈ ಎತ್ತಲ್ಲ. ಕಾಲೇಜಿಗೂ ಹೋಗ್ಲಿ. ಕುಡಿ ಮೊದ್ಲು.” ಅಜ್ಜಿ ಇಡೀ ಚೊಂಬು ಒಂದೇ ಉಸಿರಿಗೆ ಮುಗಿಸಿ ನನ್ನ ಕಡೆ ತಿರುಗಿದಳು: “ನಿಮ್ಮಪ್ಪಂದಾಯ್ತು. ಇನ್ ಬಸ್ಸಿಂದು.”

ಅಜ್ಜಿ ಮನೆಮನೆಗೂ ಹೇಳಿಬಂದಳು. ಬಸ್ಸು ತಡೆಯುವ ದಿನ ಊರಿಗೆ ಊರೇ ಗೇಟಿಗೆ ಬಂತು. ಅಜ್ಜಿಯದು ಎರಡೇ ಷರತ್ತು: ಬೈಗುಳ ಕೂಡದು, ಕಲ್ಲು ಕೂಡದು. ಹೆಂಗಸರೆಲ್ಲ ರಸ್ತೆ ಮೇಲೆ ಕೂತು ಸೊಪ್ಪು ಬಿಡಿಸಬೇಕು, ಅಷ್ಟೆ. ಆದರೆ ಮಂಜಿನಲ್ಲಿ ನಾವು ಮೊದಲು ತಡೆದದ್ದು ಗುಬ್ಬಿಯಿಂದ ಹೊರಟ ಮದುವೆ ದಿಬ್ಬಣದ ಬಸ್ಸನ್ನು! ಕಿಟಕಿಯಿಂದ ಬಾಸಿಂಗ ಕಟ್ಟಿದ ಗಂಡು ಗಾಬರಿಯಿಂದ ಇಣುಕಿದ. ಅಜ್ಜಿ ಎದ್ದು, “ತಪ್ಪಾಯ್ತು ಕಣಪ್ಪ, ಮುಹೂರ್ತ ಮೀರೀತು, ಹೊರಡಿ,” ಅಂತ ಕೈ ಮುಗಿದು ದಾರಿ ಬಿಡಿಸಿದಳು.

ಆಮೇಲೆ ನಮ್ಮ ಬಸ್ಸು ಬಂತು. ಡ್ರೈವರ್ ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಕಂಡಕ್ಟರ್ ಇಳಿದು ಬಂದು, “ಏಳ್ರೀ ಮೇಲೆ! ರಸ್ತೆ ಏನು ನಿಮ್ಮನೆ ಅಡುಗೆಮನೇನಾ?” ಅಂದ. ಚಿಕ್ಕಪ್ಪನಿಗೆ ಎಲ್ಲಿತ್ತೋ ರೋಷ, ಕಲ್ಲು ಎತ್ತೇಬಿಟ್ಟ. ಒಂದು ಗಾಜು ಒಡೆದಿದ್ದರೆ ಕೇಸು, ಪೊಲೀಸು. ಬಸ್ಸೂ ಇಲ್ಲ, ನನ್ನ ಡಿಗ್ರಿಯೂ ಇಲ್ಲ. ಅಜ್ಜಿ ಹೋಗಿ ಅವನ ಮುಷ್ಟಿ ಬಿಡಿಸಿ, ಕಲ್ಲು ತೆಗೆದು ಪಕ್ಕಕ್ಕಿಟ್ಟು, ಅದೇ ಕೈಗೆ ದಂಟಿನ ಸೊಪ್ಪಿನ ಕಟ್ಟು ಕೊಟ್ಟಳು.

“ಕೈ ಖಾಲಿ ಇರೋದ್ಕೇ ಅಲ್ವೇನ್ಲಾ ಕಲ್ಲು ಸಿಗೋದು? ಕೂತ್ಕೊ, ಬಿಡ್ಸು.”

ಮೀಸೆ ಹೊತ್ತ ನಮ್ಮ ಚಿಕ್ಕಪ್ಪ ಹೆಂಗಸರ ಸಾಲಲ್ಲಿ ಕೂತು ಸೊಪ್ಪು ಬಿಡಿಸಿದ! ಊರು ನಕ್ಕಿತು, ಬಸ್ಸೊಳಗಿನವರು ನಕ್ಕರು, ಕೊನೆಗೆ ಆ ಕಂಡಕ್ಟರೂ ನಕ್ಕ. ನಕ್ಕವನು ಮತ್ತೆ ಜಗಳ ಮಾಡಲಾರ. ಅವನೇ ಫೋನ್ ಮಾಡಿ ಡಿಪೋದ ಸಾಹೇಬರನ್ನು ಕರೆಸಿದ. ಸಾಹೇಬರು ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮುಂದಿನ ಸೋಮವಾರ ಬಸ್ಸು ನಿಂತಿತು. ಸಂಜೆಯೂ ನಿಂತಿತು!

ಕಾಲೇಜಲ್ಲಿ ಮೇಷ್ಟ್ರು ಅಹಿಂಸೆಯ ಪಾಠ ಮಾಡಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಸಾರ್, ಇದು ನಮ್ಮೂರ ಗೇಟಲ್ಲಿ ನಡೆದಿದೆ!” ಅಂತ ಎದ್ದು ನಿಂತೇಬಿಟ್ಟೆ. ಇಡೀ ಕ್ಲಾಸು ತಿರುಗಿ ನೋಡಿತು. ಅಜ್ಜಿಗೆ ಆ ಪದ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನನಗಂತೂ ಅದರ ಅರ್ಥ ಅವಳಿಂದಲೇ ಗೊತ್ತಾದದ್ದು. ಇವತ್ತಿಗೂ ಸಿಟ್ಟು ಬಂದಾಗ ನಾನು ಮೊದಲು ಹುಡುಕುವುದು ಕೈಗೆ ಒಂದು ಕೆಲಸ.

ಮಂಡಿ ಸೋತ ಮೇಲೆ ಅಜ್ಜಿ ಕುಣಿಗಲ್‌ನಲ್ಲಿ ಮಗಳ ಮನೆ ಸೇರಿದಳು. ನಮ್ಮ ವಂಶದಲ್ಲೇ ಮೊದಲನೆಯ ಡಿಗ್ರಿ ಸರ್ಟಿಫಿಕೇಟ್ ನನ್ನ ಕೈಗೆ ಬಂದ ದಿನ ಅಪ್ಪ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಕಾಲೇಜಿಗೆ ಬಂದಿದ್ದ. “ನಡಿ ಕುಣಿಗಲ್‌ಗೆ,” ಅಂದ. ಮನೆಗೂ ಹೋಗದೆ ನೇರ ಹೋದೆವು. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಕೈ ಚಾಚಿದಳು. ಕೊಟ್ಟೆ. ಅವಳು ಅದನ್ನು ಮಡಿಲಲ್ಲಿ ಹರಡಿಕೊಂಡು, “ನಿನ್ ಹೆಸ್ರು ಎಲ್ಲೈತೆ ತೋರ್ಸೇ,” ಅಂದಳು. ತೋರಿಸಿದೆ. ಬಹಳ ಹೊತ್ತು ಅಲ್ಲೇ ಬೆರಳಿಟ್ಟಿದ್ದಳು.

ಅಪ್ಪ ಅವಳ ಪಕ್ಕ ನೆಲದ ಮೇಲೆ ಕೂತ.

“ಅವ್ವ, ಇನ್ನೊಂದ್ ಮೂರ್ ವರ್ಷ ಗಟ್ಟಿಯಾಗಿರು. ಚಿಕ್ಕೋಳ್ನೂ ಕಾಲೇಜಿಗೆ ಸೇರ್ಸಿದೀನಿ. ಅವ್ಳ್ದೂ ತಂದು ನಿನ್ ಕೈಗೇ ಕೊಡ್ತೀನಿ.”