ಕಲ್ಲಿನ ತೊಟ್ಟಿಯ ಎಮ್ಮೆ

ಗೋಕಾಕದ ದನದ ದವಾಖಾನೆಯ ಹಿಂದೆ ಒಂದು ತಗಡಿನ ಶೆಡ್ಡು ಇತ್ತು. ಅದರೊಳಗಿನ ಕಲ್ಲಿನ ತೊಟ್ಟಿಯನ್ನು ದನಗಳಿಗೆ ನೀರು ಕುಡಿಸಲೆಂದು ಕಟ್ಟಿದ್ದರು. ನಾನು ಅಲ್ಲಿಗೆ ಡಾಕ್ಟರನಾಗಿ ಹೋದ ಎರಡನೆಯ ವರ್ಷ ಆ ತೊಟ್ಟಿಯಲ್ಲಿ ಒಂದು ಸತ್ತ ಎಮ್ಮೆಯನ್ನು ಕೆಡದಂತೆ ಕಾಯ್ದಿಟ್ಟೆ. ಆ ಎಮ್ಮೆಯ ದೆಸೆಯಿಂದ ಮೂಡಲಗಿಯಲ್ಲಿ ಒಂದು ಎತ್ತು ಸತ್ತಿತು. ಒಂದೇ ಸಾಲಿನಲ್ಲಿ ಹೀಗೆ ಹೇಳಿದರೆ ಯಾರಿಗೂ ಅರ್ಥವಾಗಲಾರದು. ನನಗೇ ಅರ್ಥವಾಗಲು ಬಹಳ ದಿನ ಹಿಡಿಯಿತು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ದನಗಳಿಗೆ ನಾನೊಬ್ಬನೇ ಡಾಕ್ಟರು. ಒಂದೂರಿಗೆ ಹೋದರೆ ಇನ್ನೊಂದೂರಿನ ದನ ಸಾಯುತ್ತಿತ್ತು. ಕೊನೆಗೆ ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು: ನಿಮ್ಮ ಡ್ರೆಸರನಿಗೆ ತುರ್ತಿನ ಶಸ್ತ್ರಕ್ರಿಯೆ ಕಲಿಸಿರಿ, ಕಲಿತ ಮೇಲೆ ಅವನನ್ನು ಹುಕ್ಕೇರಿಗೆ ಕಳಿಸಲಾಗುವುದು.

ಡ್ರೆಸರ್ ಎಂದರೆ ಗಾಯ ತೊಳೆದು ಪಟ್ಟಿ ಕಟ್ಟುವವನು. ನಮ್ಮ ಡ್ರೆಸರು ನನಗಿಂತ ಹತ್ತು ವರ್ಷ ದೊಡ್ಡವರು, ಮೊದಲು ಪಲ್ಟನ್ನಿನ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಒದೆಯುವ ಎತ್ತಿನ ಹಿಂಗಾಲನ್ನು ಒಬ್ಬರೇ ಹಿಡಿದು ನಿಲ್ಲುತ್ತಿದ್ದರು. ಆದರೆ ಜೀವವಿರುವ ದನದ ಮೈಮೇಲೆ ಎಂದೂ ಚಾಕು ಇಟ್ಟವರಲ್ಲ.

ಅವರಿಗೆ ಕಲಿಸಬೇಕಾದದ್ದು ದನದ ಹೊಟ್ಟೆ ಕೊಯ್ಯುವುದನ್ನು. ಸುಗ್ಗಿಯಲ್ಲಿ ದನ ಹಗ್ಗ ಹರಿದುಕೊಂಡು ಜೋಳದ ರಾಶಿಗೆ ಬಾಯಿ ಹಾಕಿದರೆ ಆ ಕಾಳು ಹೊಟ್ಟೆಯಲ್ಲಿ ಹುಳಿತು ಉಬ್ಬುತ್ತದೆ. ಔಷಧಕ್ಕೆ ಜಗ್ಗದಿದ್ದರೆ ಎಡಪಕ್ಕೆಯ ಹಿಂದಿನ ಗುಳಿಯನ್ನು ಕೊಯ್ದು ಕೈಯಿಂದ ಕಾಳು ತೆಗೆಯಬೇಕು. ಮೊದಲು ತೊಗಲು, ಅದರ ಕೆಳಗೆ ಮಾಂಸದ ಮೂರು ಪದರ, ಅದರ ಕೆಳಗೆ ಒಂದು ತೆಳುವಾದ ಪೊರೆ, ಆಮೇಲೆ ಹೊಟ್ಟೆಯ ಚೀಲ. ಚೀಲವನ್ನು ತೆರೆಯುವ ಮೊದಲೇ ಅದನ್ನು ತೊಗಲಿನ ಅಂಚಿಗೆ ಹೊಲಿಯಬೇಕು. ಇಲ್ಲವಾದರೆ ಒಳಗಿನ ಹುಳಿ ಕರುಳಿನ ಸುತ್ತ ಸೋರಿ ದನ ಸಾಯುತ್ತದೆ. ಒಂದೊಂದು ಪದರಕ್ಕೂ ನಿಲ್ಲಬೇಕು. ಕೊಯ್ಯುವುದಕ್ಕಿಂತ ನಿಲ್ಲುವುದನ್ನು ಕಲಿಯುವುದೇ ಕಷ್ಟ.

ಕಲಿಸಲು ಹೆಣ ಬೇಕು. ನಮ್ಮ ಸೆಕೆಯಲ್ಲಿ ಹೆಣ ಒಂದು ದಿನವೂ ತಡೆಯುವುದಿಲ್ಲ. ಅದಕ್ಕೆಂದು ಕಚೇರಿಯವರು ಎರಡು ಡಬ್ಬಿ ಫಾರ್ಮಾಲಿನ್ ಕಳಿಸಿದರು, ಜೊತೆಗೆ ಎಷ್ಟು ನೀರಿಗೆ ಎಷ್ಟು ಎಂದು ಅಚ್ಚು ಹಾಕಿದ ಒಂದು ಹಾಳೆ. ಹೆಣ ಎಲ್ಲಿಂದ ತರಬೇಕೆಂದು ಹಾಳೆಯಲ್ಲಿರಲಿಲ್ಲ. ಬಸವಣ್ಣನ ದಾರಿಯಲ್ಲಿ ನಡೆಯುವ ಮನೆಗಳಲ್ಲಿ ಸತ್ತ ಎತ್ತಿನ ಹಣೆಗೆ ವಿಭೂತಿ ಹಚ್ಚಿ ಹೂಳುತ್ತಿದ್ದರು. ಅಂಥ ಮನೆಯ ಮುಂದೆ ನಿಂತು ಹೆಣ ಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಉಳಿದವರ ದನ ಸತ್ತರೆ ಅದು ಆ ಊರಿನ ತೊಗಲಿನ ಕೆಲಸದವರ ಹಕ್ಕು. ಕಚೇರಿಗೆ ಬರೆದೆ. ಸ್ಥಳೀಯವಾಗಿ ವ್ಯವಸ್ಥೆ ಮಾಡಿಕೊಳ್ಳಿ ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ. ಹೀಗೆ ಐದು ತಿಂಗಳು ಹೋಯಿತು.

ಕೊನೆಗೆ ಅರಭಾವಿಯಲ್ಲಿ ಒಂದು ಎಮ್ಮೆ ಸತ್ತಿದೆಯೆಂದು ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಆ ಊರಿನ ತೊಗಲಿನ ಕೆಲಸದ ಮುದುಕ ಚಾಕು ಮಸೆಯುತ್ತ ಕುಳಿತಿದ್ದ.

"ಸತ್ತ ಮ್ಯಾಲ ಡಾಕ್ಟರ್ ಬರೂದನ್ನ ಈಗ ನೋಡಿದ್ನಿ ನೋಡ್ರಿ," ಎಂದ. "ನಿನ್ನಿ ಬಂದಿದ್ರ ಎಮ್ಮಿ ಉಳೀತಿತ್ತೇನೋ."

"ಅಜ್ಜಾ, ಈ ಹೆಣ ನನಗ ಬೇಕು. ನಮ್ಮ ಡ್ರೆಸರಗ ಕೊಯ್ಯೂದು ಕಲಸಬೇಕು."

"ಮಾಂಸ ಒಯ್ರಿ, ಎಲುವು ಒಯ್ರಿ. ತೊಗಲ ಮಾತ್ರ ನಂದು. ಬಾವಿಯಿಂದ ನೀರೆತ್ತೂ ಚೀಲ ಹೊಲದು ಕೊಡತೇನಂತ ಮಾತು ಕೊಟ್ಟೇನಿ."

"ತೊಗಲಿಲ್ದ ಕಲಿಯಾಕ ಆಗೂದಿಲ್ಲ. ತಿಂಗಳ ಬಿಟ್ಟು ನಿನ್ನ ತೊಗಲ ನಿನಗ ವಾಪಸ ಕೊಡತೇನಿ."

"ಕೆಡೂದಿಲ್ಲೇನ್ರಿ?"

"ಕೆಡೂದಿಲ್ಲ. ಔಷಧ ಹಾಕತೇನಿ."

ಅವನು ನಂಬಿದ. ತಾನೇ ಗಾಡಿ ಹೂಡಿ ಹೆಣವನ್ನು ಗೋಕಾಕಕ್ಕೆ ತಂದುಕೊಟ್ಟ.

ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಬಿಚ್ಚಿ ರಕ್ತ ಹರಿಯಬಿಟ್ಟೆವು. ಶೆಡ್ಡಿನ ತೊಲೆಗೆ ಡಬ್ಬಿ ತೂಗುಹಾಕಿ ರಬ್ಬರ್ ನಳಿಕೆಯಿಂದ ಫಾರ್ಮಾಲಿನ್ ಇಳಿಬಿಟ್ಟೆವು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಕಾಕಾ ಮೂಗಿಗೆ ಒದ್ದೆ ವಸ್ತ್ರ ಕಟ್ಟಿಕೊಂಡು ಡಬ್ಬಿ ತುಂಬುತ್ತಿದ್ದರು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಬರೆಯಬೇಕು. ಹಾಳೆಯಲ್ಲಿ ಹೇಳಿದ್ದಕ್ಕಿಂತ ಗಟ್ಟಿಯಾಗಿ ನಾನು ಔಷಧ ಕಲಸಿದೆ. ಐದು ತಿಂಗಳು ಕಾದು ಸಿಕ್ಕ ಹೆಣ. ಇದು ಕೆಟ್ಟರೆ ಇನ್ನೊಂದು ಯಾವಾಗ ಸಿಗುವುದೋ ಎಂಬ ಹೆದರಿಕೆ.

ಎಮ್ಮೆ ಕೆಡಲಿಲ್ಲ. ಒಂದು ನೊಣವೂ ಅದರ ಮೇಲೆ ಕೂರಲಿಲ್ಲ. ನಾಲ್ಕನೆಯ ದಿನ ಕಾಕಾ ಮೊದಲ ಬಾರಿ ಚಾಕು ಇಟ್ಟರು. ಅದು ಒಳಗೆ ಇಳಿಯಲಿಲ್ಲ.

"ಭಾರ ಹಾಕ್ರಿ ಕಾಕಾ," ಎಂದೆ.

ಎಡಪಕ್ಕೆ ಮುಗಿದ ಮೇಲೆ ಬಲಪಕ್ಕೆ. ದಿನವೂ ಗೇಣುದ್ದ ಕೊಯ್ಯುವುದು, ಹೊಲಿಯುವುದು. ದಿನವೂ ನಾನು ಭಾರ ಹಾಕ್ರಿ ಎನ್ನುತ್ತಿದ್ದೆ. ಅವರು ಭುಜವನ್ನೇ ಚಾಕುವಿನ ಹಿಂದೆ ತರುವುದನ್ನು ಕಲಿತರು. ಒಂದೊಂದು ಪದರವೂ ರಟ್ಟಿನಂತೆ ಬೇರೆಬೇರೆಯಾಗಿ ನಿಲ್ಲುತ್ತಿದ್ದುದರಿಂದ ಚಾಕು ತಾನೇ ನಿಲ್ಲುತ್ತಿತ್ತು. ಅವರು ನಿಲ್ಲಿಸುತ್ತಿದ್ದಾರೆಂದು ನಾನು ತಿಳಿದೆ. ಭೇಷ್ ಎಂದೆ.

ತಿಂಗಳಾದ ಮೇಲೆ ಮುದುಕ ತೊಗಲಿಗಾಗಿ ಬಂದ. ತೊಟ್ಟಿಯ ಮೇಲೆ ಬಾಗಿ ಎಮ್ಮೆಯ ಬೆನ್ನನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ಬಾಗಿಲು ಬಡಿದಂತೆ ಸದ್ದಾಯಿತು.

"ಇದು ತೊಗಲಲ್ರಿ ಸಾಹೇಬ್ರ, ಹಲಗಿ. ಇದನ್ನ ಹದ ಮಾಡಾಕ ಸುಣ್ಣದಾಗ ಹಾಕಿದ್ರ ಸುಣ್ಣಾನ ಅಳತೈತಿ." ಆಮೇಲೆ ಕಾಕಾನ ಕಡೆ ನೋಡಿದ. "ಇದರ ಮ್ಯಾಲ ಕಲ್ತೀರೇನ್ರಿ? ಹಂಗಾರ ಜೀವದ ದನದ ಹತ್ತರ ಹೋಗಬ್ಯಾಡ್ರಿ."

ಕಾಕಾನಿಗೆ ಸಿಟ್ಟು ಬಂತು. "ಚಪ್ಪಲಿ ಹೊಲಿಯಾಂವ, ನೀ ನಮಗ ಹೇಳತೀ ಏನ?"

"ಹೊಲಿಯೂಕಿಂತ ಮದಲ ಸುಲೀತೇನ್ರಿ ಯಪ್ಪಾ."

ತೊಗಲು ಹಾಳಾದ ಸಂಕಟದಿಂದ ಹೀಗೆ ಆಡುತ್ತಿದ್ದಾನೆ ಎಂದುಕೊಂಡೆ. ಮಾತು ತಪ್ಪಿದ್ದಕ್ಕೆ ಕ್ಷಮೆ ಕೇಳಿದೆ. ಅವನು ಹೇಳಿದ್ದು ಬೇರೆಯೇ ಮಾತು, ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಗ್ಗಿಯಲ್ಲಿ ಮೂಡಲಗಿಯಿಂದ ಕರೆ ಬಂತು. ಒಬ್ಬ ರೈತರ ಎತ್ತು ರಾತ್ರಿ ಕಣಕ್ಕೆ ನುಗ್ಗಿ ಜೋಳ ತಿಂದಿತ್ತು. ನಾವು ತಲುಪಿದಾಗ ಮಧ್ಯಾಹ್ನ. ಎಡಪಕ್ಕೆ ಬೆನ್ನಿಗಿಂತ ಮೇಲೆ ಉಬ್ಬಿತ್ತು, ಎತ್ತು ಹಲ್ಲು ಕಡಿಯುತ್ತಿತ್ತು.

"ಉಳಸ್ರಿ ಸಾಹೇಬ್ರ," ಎಂದರು ಆ ರೈತರು. "ಕರ ಇದ್ದಾಗಿಂದ ಎರಡೂ ಕೂಡಿ ಬೆಳದಾವ. ಇದಿಲ್ದ ಇನ್ನೊಂದು ನೊಗಕ್ಕ ಕೊಳ್ಳ ಕೊಡಂಗಿಲ್ಲ."

ಮರುತಿಂಗಳು ಕಾಕಾ ಹುಕ್ಕೇರಿಯಲ್ಲಿ ಒಬ್ಬರೇ ಇರಬೇಕಿತ್ತು. ಮೊದಲನೆಯದನ್ನು ನನ್ನ ಎದುರಿಗೇ ಮಾಡಲಿ ಎಂದು ಚಾಕುವನ್ನು ಅವರಿಗೆ ಕೊಟ್ಟೆ. ಪಕ್ಕೆಯನ್ನು ಬೋಳಿಸಿ ಮರಗಟ್ಟಿಸುವ ಔಷಧ ಚುಚ್ಚಿದ್ದೆವು. ಎತ್ತು ಅಲುಗಾಡದೆ ನಿಂತಿತ್ತು. ಕಾಕಾ ಚಾಕು ಇಟ್ಟರು. ಭುಜ ಮುಂದೆ ಬಂತು. ನಾನು ಆ ಭುಜವನ್ನು ಕಂಡೆ. ಬಾಯಿ ತೆರೆಯುವಷ್ಟರಲ್ಲಿ ಚಾಕು ಹಿಡಿಕೆಯವರೆಗೂ ಒಳಗೆ ಹೋಗಿತ್ತು.

ತೊಗಲು, ಮೂರು ಪದರ, ಪೊರೆ, ಚೀಲ ಎಲ್ಲ ಒಂದೇ ಏಟಿಗೆ. ಮೊದಲು ಗಾಳಿ ಭುಸ್ ಎಂದು ಬಂತು. ಹಿಂದೆಯೇ ಹುಳಿತ ಜೋಳದ ಗಂಜಿ, ಅರ್ಧ ಹೊರಗೆ, ಅರ್ಧ ಒಳಗೆ. ಕಾಯಿಸಿ ಆರಿಸಿದ ನೀರಿನಿಂದ ಆದಷ್ಟು ತೊಳೆದೆ. ಹೊಲಿದೆ. ಕತ್ತಲಾಗುವ ತನಕ ಕೈ ನಿಲ್ಲಿಸಲಿಲ್ಲ, ಆದರೆ ಮುಗಿದುಹೋಗಿದೆ ಎಂದು ಗೊತ್ತಿತ್ತು. ಕಾಕಾ ಗೋಡೆಗೆ ಒರಗಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

"ಕೈಗೆ ಏನೂ ಬಿರಸ ಹತ್ತಲಿಲ್ರಿ," ಎಂದರು. "ಏನೂ ಹತ್ತಲಿಲ್ಲ."

ಮೂರನೆಯ ದಿನ ಎತ್ತು ಸತ್ತಿತು. ಹೊಲದ ಬದುವಿನ ಬಳಿ ಕುಣಿ ತೋಡಿ, ವಿಭೂತಿ ಹಚ್ಚಿ, ಉಪ್ಪು ಹಾಕಿ ಹೂಳಿದರು. ನಾನು ಹೋಗಿದ್ದೆ. ಹೋಗದೆ ಇರಲಾಗಲಿಲ್ಲ. ಮಣ್ಣು ಎಳೆದ ಮೇಲೆ ಆ ರೈತರು ಕೇಳಿದರು:

"ಅವರು ಎದರ ಮ್ಯಾಲ ಕಲ್ತಿದ್ರರಿ?"

"ಸತ್ತ ಎಮ್ಮಿ ಮ್ಯಾಲ. ಕೆಡಬಾರದಂತ ಔಷಧದಾಗ ಇಟ್ಟಿದ್ವಿ. ಬಿರಸಾಗಿತ್ತು."

"ಬಿರಸಾದದ್ದು ಮುಟ್ಟಿದ್ರ ಗೊತ್ತಾಗತಿತ್ತಲ್ರಿ."



ಅಲ್ಲಿಂದ ಅರಭಾವಿಗೆ ಹೋದೆ. ಮುದುಕ ಹಸಿ ತೊಗಲನ್ನು ಹಾಸಿ ಅದರ ಮೇಲೆ ಹರಳುಪ್ಪು ತಿಕ್ಕುತ್ತಿದ್ದ. ನಡೆದದ್ದನ್ನು ಹೇಳಿದೆ. ಕೇಳುತ್ತಲೇ ಅವನು ಇನ್ನೊಂದು ಹಿಡಿ ಉಪ್ಪು ಚೆಲ್ಲಿದ. ಉಪ್ಪು ಯಾಕೆ ಎಂದು ಕೇಳಿದೆ.

"ಕೊಳೀಬಾರದು, ಬಿರಸೂ ಆಗಬಾರದು. ಎರಡೂ ಬೇಕಲ್ರಿ ನಮಗ."

ನಮಗೂ ಬೇಕಾದದ್ದು ಅದೇ ಎರಡು. ಕರಗುವಷ್ಟೂ ಉಪ್ಪು ಕರಗಿಸಿದ ನೀರಿಗೆ ಸ್ವಲ್ಪವೇ ಫಾರ್ಮಾಲಿನ್ ಸೇರಿಸಿ ನೋಡುತ್ತೇನೆ, ಉಪ್ಪು ಕೊಡಿಸಿ ಎಂದು ಕಚೇರಿಗೆ ಬರೆದೆ. ಎತ್ತಿನ ವಿಷಯವನ್ನೂ ಬಿಡದೆ ಬರೆದೆ. ಆರು ವಾರದ ಮೇಲೆ ಉತ್ತರ ಬಂತು: ಉಪ್ಪು ಔಷಧಗಳ ಪಟ್ಟಿಯಲ್ಲಿಲ್ಲ, ಹಾಳೆಯಲ್ಲಿರುವ ಕ್ರಮವನ್ನೇ ಅನುಸರಿಸಿರಿ. ಎತ್ತಿನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಗೋಕಾಕದ ಪೇಟೆಯಿಂದ ನಾನೇ ಉಪ್ಪು ತರಿಸಿದೆ. ಮುದುಕ ಒಂದು ಸತ್ತ ಕೋಣಗರುವನ್ನು ತಂದುಕೊಟ್ಟ. ಉಪ್ಪುನೀರು ಇಳಿಬಿಟ್ಟ ಹೆಣ ಹನ್ನೆರಡು ದಿನ ಮೆತ್ತಗೆ ಉಳಿಯಿತು. ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಆಮೇಲೆ ವಾಸನೆ ಶುರುವಾಯಿತು. ಆದರೂ ಹನ್ನೆರಡು ದಿನ ಸಿಕ್ಕವು.

ಕಾಕಾ ಹುಕ್ಕೇರಿಗೆ ಹೋಗುವುದನ್ನು ನಾನು ಮುಂದೂಡಿದ್ದೆ, ಅವರು ಮಾತ್ರ ಚಾಕು ಮುಟ್ಟಲೊಲ್ಲರು. ಐದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಹೋದರು. ಆರನೆಯ ದಿನ, ತೊಗಲು ಹೇಗಿದೆ ನೋಡಲು ಬಂದಿದ್ದ ಮುದುಕ ಕಾಕಾನ ಕೈಗೆ ಚಾಕು ಕೊಟ್ಟು ಅವರ ಮಣಿಕಟ್ಟನ್ನು ಹಿಡಿದ. ಆ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಕಾಕಾ ಆ ಕೈ ನೋಡಿದರು, ನನ್ನನ್ನು ನೋಡಿದರು. ಕೈ ಕೊಸರಿಕೊಳ್ಳಲಿಲ್ಲ.

"ನೂಕಬ್ಯಾಡ್ರಿ, ಎಳೀರಿ," ಎಂದ ಮುದುಕ. "ಚಾಕೂನ ತೂಕ ಸಾಕು. ನಿಮ್ಮ ತೂಕ ಮನ್ಯಾಗ ಬಿಟ್ಟು ಬರ್ರಿ."

ಕಾಕಾ ನಕ್ಕರು. ಮೂಡಲಗಿಯಿಂದ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಈ ಸಲ ಮುದುಕನ ತೊಗಲು ಮುದುಕನಿಗೆ ಸಿಕ್ಕಿತು, ಪಕ್ಕೆಗಳ ಮೇಲೆ ಕೊಯ್ದ ಜಾಗ ಬಿಟ್ಟು.

ಕಾಕಾ ಹುಕ್ಕೇರಿಗೆ ಹೋದ ಸ್ವಲ್ಪ ದಿನಕ್ಕೆ ಅಲ್ಲಿ ಒಂದು ಆಕಳು ಹೊಟ್ಟೆ ಉಬ್ಬಿ ಬಿದ್ದಿದೆಯೆಂದು ಹೇಳಿ ಕಳಿಸಿದರು. ಸಿಕ್ಕ ಬಸ್ಸು ಹತ್ತಿ ಹೋದೆ. ನಾನು ತಲುಪುವಷ್ಟರಲ್ಲಿ ಅವರು ಕೊಯ್ದು, ಹೊಲಿದು, ಕೈ ತೊಳೆದುಕೊಂಡು ಕುಳಿತಿದ್ದರು. ಆಕಳು ಎದ್ದು ನಿಂತಿತ್ತು.

"ಐದು ಸಲ ನಿಂತ್ನಿ ಸಾಹೇಬ್ರ," ಎಂದರು. "ಐದನೇ ಸಲಕ್ಕ ಆಕಳ ಮಾಲಕ ಕೇಳಿದಾ, ಮುಂದಿಂದು ಮರತ್ರೇನ್ರಿ ಅಂತ."

ಆ ಆಕಳು ಉಳಿಯಿತು. ಅದನ್ನೂ ಕಚೇರಿಗೆ ಬರೆದೆ. ಉತ್ತರಕ್ಕೆ ಬದಲು ಮತ್ತೆರಡು ಡಬ್ಬಿ ಫಾರ್ಮಾಲಿನ್ ಬಂದವು, ಜೊತೆಗೆ ಅದೇ ಹಾಳೆ.

ಮುಂದಿನ ಮಳೆಗಾಲದ ಮೊದಲು ಮೂಡಲಗಿಯ ದಾರಿಯಲ್ಲಿ ಆ ರೈತರು ಕಂಡರು. ಉಳಿದಿದ್ದ ಹಳೆಯ ಎತ್ತಿನ ಜೊತೆಗೆ ಹೊಸದೊಂದನ್ನು ಹೂಡಿ ನೇಗಿಲು ಹೊಡೆಯುತ್ತಿದ್ದರು. ಎರಡೂ ಒಂದೊಂದು ಕಡೆ ಎಳೆಯುತ್ತಿದ್ದವು. ನಾನು ಬದುವಿನ ಮೇಲೆ ನಿಂತು ಉಪ್ಪಿನ ವಿಷಯ, ಹುಕ್ಕೇರಿಯ ಆಕಳ ವಿಷಯ ಎಲ್ಲ ಹೇಳಿದೆ. ಯಾಕೆ ಹೇಳಿದೆನೋ ತಿಳಿಯದು. ಅವರು ಕೊನೆಯವರೆಗೂ ಕೇಳಿದರು.

"ಛಲೋ ಆತು ಬಿಡ್ರಿ," ಎಂದರು. "ಮದಲ ಉಪ್ಪು, ಆಮ್ಯಾಲ ನನ್ನ ಎತ್ತಿನ ಪಾಳಿ ಬರಬೇಕಿತ್ತು."

ಮತ್ತೆ ಎತ್ತುಗಳನ್ನು ಸಾಲಿಗೆ ತಿರುಗಿಸಿದರು. ಹಳೆಯದು ನಿಂತುಬಿಟ್ಟಿತು. ಅದು ತಾನಾಗಿ ಹೆಜ್ಜೆ ಇಡುವ ತನಕ ಅವರು ಬಾರುಕೋಲು ಎತ್ತದೆ ಕಾದರು.