ದೇವರ ಪಾಲಿನ ಚಕ್ಕೋತ

ನಮ್ಮ ಹಿತ್ತಿಲಿನ ಚಕ್ಕೋತದ ಗಿಡ ಈ ವರ್ಷ ಮೊದಲ ಸಲ ಕಾಯಿ ಬಿಟ್ಟಿದೆ. ಕಾಯಿಗಳು ಎಂದು ಬರೆಯಲು ಕೈ ಹಾತೊರೆಯುತ್ತದೆ. ಆದರೆ ನಾಳೆ ಸುಗ್ಗಿ ಹಬ್ಬ, ಇಂಥ ದಿನ ಸುಳ್ಳು ಬರೆಯಬಾರದು: ಬಿಟ್ಟಿರುವುದು ಒಂದೇ ಒಂದು. ಆ ಒಂದನ್ನು ನಾನು ಇವತ್ತಿನವರೆಗೂ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುತ್ತಿದ್ದೆ. ಪ್ರಾರ್ಥನೆ ಮೊದಲೋ ಚಕ್ಕೋತ ಮೊದಲೋ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಹಿತ್ತಿಲ ಬಾಗಿಲಲ್ಲೇ ನಿಂತು, ಕಣ್ಣನ್ನು ಕಾಯಿಯ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಮುಗಿಸಿಬಿಡುತ್ತಿದ್ದೆ. ದೇವರು ತಪ್ಪು ತಿಳಿಯುವುದಿಲ್ಲ ಎಂದು ನಂಬಿದ್ದೇನೆ. ಕಾಯಿ ಅವನದೇ ತಾನೆ.

ಹಣ್ಣಿನ ವಿಷಯ ಬಂದಾಗ ಕ್ರೈಸ್ತರ ಮನೆಯ ಹೆಂಗಸಿಗೆ ಸ್ವಲ್ಪ ಅಳುಕು ಇದ್ದೇ ಇರುತ್ತದೆ. ಲೋಕದ ಮೊದಲ ತೋಟದಲ್ಲಿ ಕೈಚಾಚಿ ಹಣ್ಣು ಕಿತ್ತವಳು ಹೆಂಗಸೇ ಎಂದು ಬೋಧಕರು ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತಾರೆ, ನೆನಪಿಸುವಾಗ ನಾವು ಕುಳಿತ ಚಾಪೆಗಳ ಕಡೆಗೇ ನೋಡುತ್ತಾರೆ. ಅದು ಯಾವ ಹಣ್ಣು ಎಂದು ಮಾತ್ರ ಎಲ್ಲೂ ಹೇಳಿಲ್ಲವಂತೆ. ದೊರೆಗಳ ಸೀಮೆಯಿಂದ ಬರುವ ಬಣ್ಣದ ಚಿತ್ರಗಳಲ್ಲಿ ಸೇಬು ಬರೆದಿರುತ್ತಾರೆ. ನನ್ನ ಅಜ್ಜಿ ಆ ಚಿತ್ರವನ್ನು ಒಪ್ಪುತ್ತಲೇ ಇರಲಿಲ್ಲ. ಅದು ಚಕ್ಕೋತವೇ ಎಂದು ಅವಳ ವಾದ. "ಸೇಬಿಗೆಲ್ಲಾ ಯಾರಾದ್ರೂ ಅಂಥಾ ತೋಟ ಕಳ್ಕೋತಾರೇನೇ" ಎನ್ನುತ್ತಿದ್ದಳು. ಚಕ್ಕೋತಕ್ಕೇ ಹೆಸರಾದ ದೇವನಹಳ್ಳಿಯಲ್ಲಿ ಹುಟ್ಟಿದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಅಪ್ಪ ಅಲ್ಲಿನ ಆಸ್ಪತ್ರೆಯಲ್ಲಿ ಕಾಂಪೌಂಡರ್. ಔಷಧಿಯನ್ನು ಅಳೆದು ಕೊಡುವ ಹಾಗೆ ಮಾತನ್ನೂ ಅಳೆದೇ ಕೊಡುವವರು. ಅವರ ಮನಸ್ಸು ಸಡಿಲವಾಗುತ್ತಿದ್ದದ್ದು ಹಿತ್ತಿಲಿನ ಚಕ್ಕೋತದ ಮರದ ಕೆಳಗೆ ಮಾತ್ರ. ಕಾಯಿ ಬಲಿಯತೊಡಗಿದಾಗ ಎಲ್ಲಕ್ಕಿಂತ ದಪ್ಪದ ಒಂದನ್ನು ಆರಿಸಿ ಅದರ ತೊಟ್ಟಿಗೆ ಬಿಳಿಯ ಬಟ್ಟೆಯ ಚೂರು ಕಟ್ಟುತ್ತಿದ್ದರು. ಅಂದಿನಿಂದ ಅದು ದೇವರ ಪಾಲು. ನಾವು ಅದರ ಕೆಳಗೆ ನಿಂತು ನೋಡಬಹುದಿತ್ತು, ಬಾಯಲ್ಲಿ ನೀರೂರಿಸಿಕೊಳ್ಳಬಹುದಿತ್ತು, ಮುಟ್ಟುವಂತಿರಲಿಲ್ಲ. ಉಳಿದ ಹಣ್ಣುಗಳು ನಮಗೆ. ಅವೂ ಸಿಹಿಯಾಗಿಯೇ ಇರುತ್ತಿದ್ದವು. ಆದರೆ ತಿನ್ನುವಾಗೆಲ್ಲ ನನಗೆ ಒಂದೇ ಯೋಚನೆ: ಇದೇ ಇಷ್ಟು ಸಿಹಿ ಇರಬೇಕಾದರೆ ಅದು ಇನ್ನೆಷ್ಟು ಸಿಹಿ ಇರಬೇಕು.

ರಾಗಿ ಕೊಯ್ದು ಕಣದ ಕೆಲಸ ಮುಗಿದ ಮೇಲೆ ಒಂದು ಭಾನುವಾರ ನಮ್ಮ ಸುಗ್ಗಿ ಹಬ್ಬ. ರಾಗಿತೆನೆ, ಅವರೆಕಾಯಿ, ಕುಂಬಳಕಾಯಿ, ಮೊಟ್ಟೆ, ಕಾಲು ಕಟ್ಟಿದ ಹುಂಜ, ಯಾರು ಏನು ಬೆಳೆದರೋ ಅದು ಬಂದು ದೇವಾಲಯದ ಪೀಠದ ಮುಂದೆ ಕೂರುತ್ತದೆ. ಹಾಡಿನ ಮಧ್ಯೆ ಹುಂಜವೂ ದನಿ ಸೇರಿಸುತ್ತದೆ. ಆರಾಧನೆ ಮುಗಿದ ಮೇಲೆ ಅಂಗಳದ ಹೊಂಗೆ ಮರದ ಕೆಳಗೆ ಅವೆಲ್ಲದರ ಹರಾಜು. ಹರಾಜು ಕೂಗುವವರು ನಮ್ಮ ಬೋಧಕರಾದ ಅಯ್ಯನವರೇ. ಅವರ ಪ್ರಸಂಗ ಕೇಳುತ್ತ ತೂಕಡಿಸಿದವರೂ ಹರಾಜಿನಲ್ಲಿ ನಿಗುರಿ ಕೂರುತ್ತಿದ್ದರು.

ಅಪ್ಪನ ಚಕ್ಕೋತಕ್ಕೆ ಆ ಹರಾಜಿನಲ್ಲಿ ಒಂದು ವಿಶೇಷ ಪದ್ಧತಿಯೇ ಬೆಳೆದಿತ್ತು. ಅದನ್ನು ಕೂಗಿ ಕೊಂಡವರು ಮನೆಗೆ ಒಯ್ಯುವಂತಿಲ್ಲ. "ಮತ್ತೆ ದೇವರಿಗೇ" ಎಂದು ಮೇಜಿನ ಮೇಲೆ ತಿರುಗಿ ಇಡಬೇಕು. ಅಯ್ಯನವರು ಮತ್ತೆ ಕೂಗಬೇಕು, ಮತ್ತೊಬ್ಬರು ಕೊಳ್ಳಬೇಕು, ಅವರೂ ಇಡಬೇಕು. ಹೀಗೆ ಸುತ್ತು ಹೊಡೆದು ಕೊನೆಯ ಕೂಗನ್ನು ಅಪ್ಪ ಕೂಗಿ, ಹಣ್ಣನ್ನು ಅಯ್ಯನವರಿಗೆ ಒಪ್ಪಿಸುತ್ತಿದ್ದರು. ಅವರ ಮನೆಯವರು ಅದನ್ನು ಕಿಟಕಿಯಲ್ಲಿಟ್ಟು, ಇಂಥ ಹಣ್ಣಿಗೆ ಚಾಕು ಹಾಕುವುದು ಹೇಗೆಂದು ಅಂಜಿ, ಅದು ಸುಕ್ಕುಗಟ್ಟಿ ಕಪ್ಪಾಗುವವರೆಗೂ ಹಾಗೇ ಬಿಡುತ್ತಿದ್ದರು. ಒಟ್ಟಿನಲ್ಲಿ ಊರೆಲ್ಲ ಹೊಗಳಿದ ಆ ಹಣ್ಣನ್ನು ಒಬ್ಬರೂ ತಿಂದಿರಲಿಲ್ಲ. ಇದು ವಿಚಿತ್ರ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲೂ ಇಲ್ಲ.

ಯುದ್ಧದ ಕಾಲದ ಒಂದು ಸುಗ್ಗಿ ಹಬ್ಬಕ್ಕೆ ನಮ್ಮ ಮನೆಗೆ ಒಬ್ಬ ಅತಿಥಿ ಬಂದರು. ದೊಡ್ಡಬಳ್ಳಾಪುರದಲ್ಲಿ ಮೇಷ್ಟ್ರು. ಹುಟ್ಟಿದ ಊರು ರಾಜಘಟ್ಟದ ಹತ್ತಿರದ ಒಂದು ಹಳ್ಳಿ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದೆಂದು ನಮ್ಮ ಧರ್ಮದಲ್ಲೇನೂ ಇಲ್ಲ, ಆದರೆ ಅಮ್ಮ ಹೇಳಿದವಳಲ್ಲ, ಅಜ್ಜಿ ಹೇಳಿದವಳಲ್ಲ, ನನ್ನ ನಾಲಿಗೆಗೂ ಅಭ್ಯಾಸವಿಲ್ಲ. ನೋಡಿ, ಅವರು ನನ್ನ ಗಂಡ ಎಂಬುದನ್ನು ಆಗಲೇ ಹೇಳಿಬಿಟ್ಟೆ. ಸಂತೋಷ ಹೆಚ್ಚಾದಾಗ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಅಪ್ಪನಿಗೆ ಸೇರದು. ಹುಡುಗಿಯನ್ನು ಸಂತೆಯ ಕರುವಿನ ಹಾಗೆ ನಿಲ್ಲಿಸುವುದು ಬೇಡ, ಹುಡುಗ ಆರಾಧನೆಗೆ ಬರಲಿ, ಊಟ ಮಾಡಲಿ, ಅವನ ನಡತೆಯನ್ನು ನಾನು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದಿದ್ದರು. ಅಂದರೆ ನೋಡಿಸಿಕೊಳ್ಳಬೇಕಾದವರು ಮೇಷ್ಟ್ರೇ. ಅಪ್ಪ ಒಮ್ಮೆ ಬೇಡವೆಂದರೆ ಬೇಡವೇ. ಹಿಂದೆ ಬಂದ ಒಂದು ಸಂಬಂಧವನ್ನು, ಹುಡುಗ ಪ್ರಾರ್ಥನೆಯ ನಡುವೆ ಗಡಿಯಾರ ನೋಡಿದನೆಂದು, ಅಂದೇ ವಾಪಸು ಕಳಿಸಿದ್ದರು.

ಆ ಕಾಲದ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಮೇಷ್ಟ್ರು ಬಂದಿಳಿದಾಗ ಅವರ ಬಿಳಿ ಪಂಚೆಗೆ ಮಸಿ, ಮೂಗಿನ ತುದಿಗೂ ಮಸಿ. ಅದು ಅವರಿಗೆ ಗೊತ್ತಿರಲಿಲ್ಲ. ಆ ಮೂಗನ್ನು ಇಟ್ಟುಕೊಂಡೇ ಬಹಳ ಗಂಭೀರವಾಗಿ ಅಪ್ಪನಿಗೆ ಕೈಮುಗಿದರು. ನಾನು ಚಕ್ಕೋತದ ಬುಟ್ಟಿ ಹಿಡಿದು ಬಾಗಿಲಲ್ಲಿದ್ದೆ. ಸತ್ಯವಾಗಿ ಹೇಳುತ್ತೇನೆ, ನನ್ನ ಮಟ್ಟಿಗೆ ಆ ಮೂಗಿನಲ್ಲೇ ಎಲ್ಲ ನಿಶ್ಚಯವಾಗಿ ಹೋಯಿತು. ಉಳಿದದ್ದು ಅಪ್ಪನ ಒಪ್ಪಿಗೆ. ಆರಾಧನೆಯುದ್ದಕ್ಕೂ ಅವರು ಗಡಿಯಾರ ನೋಡದಿರಲಿ ಎಂದು ಬೇಡಿಕೊಂಡೆ. ಅವರ ಹತ್ತಿರ ಗಡಿಯಾರವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಹರಾಜು ಶುರುವಾಯಿತು. ಹುಂಜ ಹೋಯಿತು, ಕುಂಬಳಕಾಯಿಗಳು ಹೋದವು. ಚಕ್ಕೋತ ಮೇಜಿನ ಮೇಲೆ ಬಂತು, ಜನ ಕೂಗಿದರು, ಕೊಂಡರು, ತಿರುಗಿ ಇಟ್ಟರು. ಕೊನೆಗೆ ಅಪ್ಪ ತಮ್ಮ ಕೂಗು ಕೂಗಿದರು. ಅಲ್ಲಿಗೆ ಮುಗಿಯಬೇಕು. ಆದರೆ ಗಂಡಸರ ಕಡೆಯಿಂದ ಇನ್ನೊಂದು ದನಿ ಅದರ ಮೇಲೆ ಏರಿತು. ತಿರುಗಿ ನೋಡಿದರೆ ಮೇಷ್ಟ್ರು. ಅಪ್ಪ ಮತ್ತೆ ಏರಿಸಿದರು. ಮೇಷ್ಟ್ರು ಮತ್ತೆ. ಅಮ್ಮ ನನ್ನ ತೊಡೆ ಚಿವುಟಿದಳು, ನಾನೇ ಕೂಗುತ್ತಿದ್ದೇನೆಂಬ ಹಾಗೆ. ಕೊನೆಗೆ ಅಪ್ಪ ಸುಮ್ಮನಾದರು. ಪಾಪ, ಅತಿಥಿ ದೇವರಿಗೆ ಕೊಡುತ್ತೇನೆಂದರೆ ಬೇಡವೆನ್ನುವುದು ಹೇಗೆ ಎಂದು ಅಂದುಕೊಂಡಿರಬೇಕು.

ಮೇಷ್ಟ್ರು ಎದ್ದು ಹೋಗಿ ಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರು ತಿರುಗಿ ಇಡಲೆಂದು ಎಲ್ಲರೂ ಕಾದರು. ಅವರು ಇಡಲಿಲ್ಲ.

"ಅಯ್ಯನವ್ರೇ, ಒಂದು ಚಾಕು ಸಿಗುತ್ತಾ" ಎಂದರು.

ಅಯ್ಯನವರಿಗೆ ಏನು ತೋಚಿತೋ, ಮನೆಯೊಳಗಿಂದ ಚಾಕು ತರಿಸಿಯೇ ಕೊಟ್ಟರು. ಮೇಷ್ಟ್ರು ಮರದ ಬುಡದಲ್ಲಿ ಕುಳಿತು ನಿಧಾನವಾಗಿ ಸಿಪ್ಪೆ ಸೀಳತೊಡಗಿದರು. ಹಿಂದೆ ಕೂತಿದ್ದವರು ಎದ್ದು ನಿಂತು ನೋಡಿದರು.

"ಏನ್ ಮಾಡ್ತಿದ್ದೀರಿ ಮೇಷ್ಟ್ರೇ" ಎಂದರು ಅಪ್ಪ. ದನಿ ಸಣ್ಣದಾಗಿತ್ತು. ಅಪ್ಪನಿಗೆ ಕೋಪ ಬಂದರೆ ದನಿ ಸಣ್ಣದಾಗುತ್ತದೆ.

"ಎಲ್ರಿಗೂ ಹಂಚ್ತೀನಿ ಸಾರ್. ನಮ್ಮೂರಲ್ಲಿ ದೇವ್ರ ಮುಂದೆ ಇಟ್ಟಿದ್ದನ್ನ ಎಲ್ರೂ ಕೂತು ತಿಂದೇ ಏಳೋದು."

ಅವರ ಊರಿನಲ್ಲಿ ನಮ್ಮವರದು ಬೆರಳೆಣಿಕೆಯ ಮನೆಗಳು. ದೇವಾಲಯದ ಕಟ್ಟಡವಿಲ್ಲ, ಹರಾಜೂ ಇಲ್ಲ. ಯಾರದೋ ಮನೆಯಂಗಳದಲ್ಲಿ ಪ್ರಾರ್ಥಿಸಿ, ತಂದದ್ದನ್ನೆಲ್ಲ ಒಂದೇ ಒಲೆಯ ಮೇಲೆ ಬೇಯಿಸಿ ಉಣ್ಣುತ್ತಾರೆ. ಅದೇ ಅವರ ಸುಗ್ಗಿ ಹಬ್ಬ. ನಮ್ಮ ಚಕ್ಕೋತ ಸುತ್ತು ಹೊಡೆಯುವುದನ್ನು ಕಂಡು, ಕೊಂಡವರಿಗೆ ಚಾಕು ಸಿಗದೆ ಹಣ್ಣನ್ನು ತಿರುಗಿ ಇಡುತ್ತಿದ್ದಾರೆಂದು ಅವರು ತಿಳಿದಿದ್ದರಂತೆ.

ಮೇಷ್ಟ್ರು ತೊಳೆ ಬಿಡಿಸಿ ಹಂಚುತ್ತ ಬಂದರು. ಅಯ್ಯನವರಿಗೆ, ಅಪ್ಪನಿಗೆ, ಸಭೆಯಲ್ಲೆಲ್ಲ ಹಿರಿಯಳಾದ ಮಾರ್ತಜ್ಜಿಗೆ, ಅಮ್ಮನಿಗೆ. ಆಮೇಲೆ ನನ್ನ ಮುಂದೆ ಬಂದು ನಿಂತರು. ಮೂಗಿನ ತುದಿಯ ಮಸಿ ಇನ್ನೂ ಇತ್ತು. ಊರೆಲ್ಲ ನೋಡುತ್ತಿದ್ದಂತೆ ಕೈನೀಡಿದೆ. ಆದಿಯ ತೋಟದಲ್ಲಿ ಹೆಣ್ಣು ಗಂಡಿಗೆ ಹಣ್ಣು ಕೊಟ್ಟಳು, ದೇವನಹಳ್ಳಿಯಲ್ಲಿ ಗಂಡು ಹೆಣ್ಣಿಗೆ ಕೊಟ್ಟ. ಇನ್ನು ಮೇಲಾದರೂ ಬೋಧಕರು ನಮ್ಮ ಚಾಪೆಯ ಕಡೆ ನೋಡುವುದನ್ನು ನಿಲ್ಲಿಸಬಹುದು.

ಹುಟ್ಟಿದಂದಿನಿಂದ ಬಾಯಲ್ಲಿ ನೀರೂರಿಸಿದ ಹಣ್ಣು ಕೊನೆಗೂ ನನ್ನ ಕೈಯಲ್ಲಿತ್ತು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ಅಗಿದೆ. ಮತ್ತೆ ಅಗಿದೆ. ರಸವಿಲ್ಲ, ಸಿಹಿಯಿಲ್ಲ, ಹುಳಿಯೂ ಇಲ್ಲ. ಹತ್ತಿ ಅಗಿದ ಹಾಗೆ. ಕಣ್ಣು ತೆರೆದರೆ ಇಡೀ ಸಭೆ ಅಗಿಯುತ್ತಿದೆ. ದೇವರ ಪಾಲಿನದನ್ನು ಉಗುಳುವಂತಿಲ್ಲ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಅಯ್ಯನವರು ಆಕಾಶ ನೋಡುತ್ತ ಅಗಿಯುತ್ತಿದ್ದರು. ಎಲ್ಲರ ಮುಖದಲ್ಲೂ ಭಕ್ತಿ.

ಮಾರ್ತಜ್ಜಿಗೆ ಹಲ್ಲಿರಲಿಲ್ಲ, ಆದ್ದರಿಂದ ಅಗಿಯುವ ಕಷ್ಟವೂ ಇರಲಿಲ್ಲ. ತೊಳೆಯನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ನೋಡಿದಳು. "ಕಾಂಪೌಂಡ್ರೇ, ಬೆಂಡು ಕಣಪ್ಪಾ. ಇಷ್ಟ್ ವರ್ಷಾನೂ ದೇವ್ರಿಗೆ ಇದನ್ನೇ ಕೊಡ್ತಿದ್ಯಾ" ಎಂದಳು.

ನಾನು ನಕ್ಕುಬಿಟ್ಟೆ. ತಡೆಯಲು ಸೆರಗು ಬಾಯಿಗೆ ತುರುಕಿದರೂ ನಗು ಮೂಗಿನಿಂದ ಬಂತು. ನನ್ನ ಹಿಂದೆ ಇಡೀ ಅಂಗಳ ನಕ್ಕಿತು. ನಗದಿದ್ದವರು ಇಬ್ಬರೇ: ಏನಾಯಿತೆಂದು ತಿಳಿಯದ ಮೇಷ್ಟ್ರು, ಎಲ್ಲವೂ ತಿಳಿದ ಅಪ್ಪ.

ಮನೆಯ ದಾರಿಯಲ್ಲಿ ಅಪ್ಪ ಎಲ್ಲರನ್ನೂ ಬಿಟ್ಟು ಮುಂದೆ ಮುಂದೆ ನಡೆದರು. "ಮುಗೀತು ಕಣೇ" ಎಂದು ಅಮ್ಮ ಪಿಸುಗುಟ್ಟಿದಳು. ನನಗೆ ಅಳು ಬಂತು. ನನ್ನ ನಗುವೇ ನನ್ನ ಮದುವೆಯನ್ನು ಕೆಡಿಸಿತು ಅನ್ನಿಸಿತು. ದಾರಿಯುದ್ದಕ್ಕೂ ನಾನು ಮಾಡಿದ ಪ್ರಾರ್ಥನೆಯಲ್ಲಿ ಸ್ತೋತ್ರವಿರಲಿಲ್ಲ, ಒಳ್ಳೆಯ ಮಾತುಗಳಿರಲಿಲ್ಲ, ಇವರು ಬೇಕು, ಇವರು ಬೇಕು, ಅಷ್ಟೇ. ಅಷ್ಟು ಚಿಕ್ಕದಾದ, ಅಷ್ಟು ನಿಜವಾದ ಪ್ರಾರ್ಥನೆಯನ್ನು ಆಮೇಲೆ ಹೆಚ್ಚು ಸಲ ಮಾಡಿಲ್ಲ.

ಮನೆಗೆ ಬಂದ ಅಪ್ಪ ನೇರ ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲೊಂದು ಚಕ್ಕೋತವಿತ್ತು, ದಪ್ಪದ್ದಲ್ಲ, ನಾವು ದಿನಾ ತಿನ್ನುವಂಥದು. ತಾವೇ ಕೊಯ್ದು, ತಾವೇ ತೊಳೆ ಬಿಡಿಸಿ ಮೇಷ್ಟ್ರ ಮುಂದಿಟ್ಟರು.

"ತಿನ್ನಿ."

ಮೇಷ್ಟ್ರು ತಿಂದರು. ರಸ ಮೊಣಕೈಯವರೆಗೂ ಹರಿಯಿತು.

"ಹೆಂಗಿದೆ."

"ಸಕ್ಕರೆ ಇದ್ದಂಗಿದೆ ಸಾರ್."

"ಇದು ನಾವ್ ಮನೇಲಿ ತಿನ್ನೋದು" ಎಂದರು ಅಪ್ಪ. ಸಿಪ್ಪೆಯ ಚೂರುಗಳನ್ನು ಒಂದು ಕಡೆ ಒಟ್ಟುಮಾಡಿದರು. "ದಪ್ಪಗಿರೋದನ್ನ ಕೊಟ್ರೆ ಒಳ್ಳೇದು ಕೊಟ್ಟಂಗೆ ಅಂದ್ಕೊಂಡಿದ್ದೆ. ಬರೋ ವರ್ಷದ ಹಬ್ಬಕ್ಕೆ ಹಣ್ಣು ನೀವೇ ಆರಿಸ್ಬಿಡಿ."

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. ನನಗೆ ಅರ್ಥವಾಗಲಿಲ್ಲ. ಯಾಕಮ್ಮಾ ಎಂದೆ. "ಲೇ ಪೆದ್ದೀ, ಬರೋ ವರ್ಷ ಅಂದ್ರಲ್ಲೇ ನಿಮ್ಮಪ್ಪ" ಎಂದಳು.

ಆಮೇಲೆ ಮೇಷ್ಟ್ರನ್ನು ಕೇಳಿದ್ದೇನೆ, ಅಷ್ಟೊಂದು ಪಟ್ಟು ಹಿಡಿದು ಯಾಕೆ ಕೂಗಿದಿರಿ ಎಂದು. ನೀನು ಹೊತ್ತು ತಂದದ್ದನ್ನು ಬೇರೆಯವರ ಕೈಗೆ ಬಿಡಲು ಮನಸ್ಸಾಗಲಿಲ್ಲ ಎಂದರು. ಮದುವೆಯಾದ ಮೇಲೆ ಅವರು ನನಗೆ ಹೇಳಿದ ಪ್ರೀತಿಯ ಮಾತು ಅದೊಂದೇ. ಅದನ್ನು ಹೇಳುವಾಗಲೂ ಮಕ್ಕಳ ಸ್ಲೇಟು ತಿದ್ದುತ್ತಿದ್ದರು. ಆದರೆ ಯಾವ ಹಣ್ಣು ಮನೆಗೆ ಬಂದರೂ ಮೊದಲ ತೊಳೆ ನನ್ನ ಕೈಗೇ ಬರುತ್ತದೆ. ಮಾತು ದಪ್ಪಗಿಲ್ಲದಿದ್ದರೇನು ಎಂದುಕೊಂಡು, ಇನ್ನೊಂದು ಪ್ರೀತಿಯ ಮಾತು ಹೇಳಿ ಎಂದು ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ದಪ್ಪದ್ದನ್ನು ಆರಿಸುವ ಚಟ ನನಗೂ ಅಪ್ಪನಿಂದ ಬಂದದ್ದೇ. ಸಭೆಯಲ್ಲಿ ಪ್ರಾರ್ಥನೆ ಮಾಡೆಂದರೆ ಉದ್ದುದ್ದ ಮಾತುಗಳನ್ನು ಹುಡುಕಿ ಹುಡುಕಿ ಪೋಣಿಸುತ್ತೇನೆ. ಸೋಮವಾರ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗ ಇರುವ ಆಸಕ್ತಿ ಅದರಲ್ಲಿ ಅರ್ಧವೂ ಇರುವುದಿಲ್ಲ. ಅಂಥ ಪ್ರಾರ್ಥನೆ ಮುಗಿಸಿ ಕೂತಾಗ ಮಾರ್ತಜ್ಜಿಯ ದನಿ ಕಿವಿಯಲ್ಲಿ ಕೇಳುತ್ತದೆ. ಅವಳು ಈಗಿಲ್ಲ. ಅವಳ ಒಂದು ಮಾತು ನನಗೆ ಇಷ್ಟು ವರ್ಷಗಳ ಪ್ರಸಂಗಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಈಗ ನಮ್ಮ ಹಿತ್ತಿಲಿನ ಈ ಒಂಟಿ ಹಣ್ಣು. ಅಪ್ಪನ ಮರದ ಕೊಂಬೆಗೆ ಮಣ್ಣು ಕಟ್ಟಿ ಬೇರು ಬರಿಸಿ, ಮದುವೆಯ ವರ್ಷ ದೊಡ್ಡಬಳ್ಳಾಪುರಕ್ಕೆ ತಂದು ನೆಟ್ಟ ಗಿಡದ್ದು. ಆರಿಸುವ ಪ್ರಶ್ನೆಯೇ ಇಲ್ಲ, ಇರುವುದೇ ಒಂದು. ಇಂದು ಸಂಜೆ ಅದನ್ನು ಕಿತ್ತು ತಂದೆವು. ಮೇಷ್ಟ್ರು ಕೈಯಲ್ಲಿ ಹಿಡಿದು ನೋಡಿದರು, ನಾನು ನೋಡಿದೆ, ಮತ್ತೆ ಅವರು ನೋಡಿದರು. ಭಾರವಾಗಿದೆ, ಒಳಗೆ ರಸ ತುಂಬಿರಬೇಕು ಎಂದು ಅವರು. ಇಲ್ಲ, ಆಸೆಗೆ ಹಾಗೆ ಕಾಣುತ್ತದೆ ಎಂದು ನಾನು. ನಮ್ಮ ಆಸೆಯನ್ನೆಲ್ಲ ಉಂಡು ಬೆಳೆದ ಈ ಹಣ್ಣು ಬೆಂಡಾಗಿಬಿಟ್ಟರೆ ಎಂದು ಮತ್ತೆ ಮತ್ತೆ ಅದನ್ನು ಕೈಯಲ್ಲಿ ತೂಗಿ ನೋಡುತ್ತಿದ್ದೇನೆ. ಇಲ್ಲಿನ ಸಭೆಯವರೂ ಕೊಂಡದ್ದನ್ನು ತಿರುಗಿ ಇಡುವವರೇ. ಹಾಗೆ ಇಟ್ಟುಬಿಟ್ಟರೆ ಹಣ್ಣಿನ ಮಾನವೂ ಉಳಿಯುತ್ತದೆ, ನಮ್ಮ ಮಾನವೂ ಉಳಿಯುತ್ತದೆ.

ಹಣ್ಣು ಬುಟ್ಟಿಯಲ್ಲಿದೆ. ಅದರ ಪಕ್ಕದಲ್ಲಿ ಚಾಕುವನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಒಳಗೆ ಏನಿದೆಯೆಂದು ದೇವರಿಗೆ ಗೊತ್ತಿದೆ. ಆದರೆ ಅವನು ಹೇಳುವುದಿಲ್ಲ, ಕೊಯ್ದು ಹಂಚಿಯೇ ನೋಡಬೇಕು.