ಹೆಸರು ಹೇಳಿಸದೆ ರಿಪೋರ್ಟ್ ಕೊಡದ ಪುಟ್ಟತಾಯಿ

ಮದ್ದೂರಿನ ಪೇಟೆ ಬೀದಿಯಲ್ಲಿ ಒಂದು ಕಾಫಿಪುಡಿ ಅಂಗಡಿಯ ಮೇಲಿನ ಮಹಡಿಯಿಂದ ಮಗ್ಗಿ ಒಪ್ಪಿಸುವಂಥ ಸದ್ದು ಬರುತ್ತಿತ್ತು. ಹೊಸಬರು ಮನೆಪಾಠ ನಡೆಯುತ್ತಿದೆ ಅಂದುಕೊಳ್ಳುತ್ತಿದ್ದರು. ಹತ್ತಿ ನೋಡಿದರೆ, ಆತಗೂರಿನ ಅಜ್ಜಿಯೊಬ್ಬಳು ಸೊಪ್ಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, "ಮೈಕ್ರೋಸೈಟಿಕ್ ಹೈಪೋಕ್ರೋಮಿಕ್ ಅನೀಮಿಯಾ" ಎನ್ನುತ್ತಿದ್ದಳು. ಎದುರಿಗೆ ಬಿಳಿ ಕೋಟಿನ ಡಾಕ್ಟರ್ ಪುಟ್ಟತಾಯಮ್ಮ ರಿಪೋರ್ಟನ್ನು ಎದೆಗವುಚಿಕೊಂಡು ನಿಂತಿರುತ್ತಿದ್ದಳು. "ಇನ್ನೊಂದ್ಸಲ ಕಣಮ್ಮ, ನಡುಮಧ್ಯದ್ದ ನುಂಗ್ಬುಟ್ಟೆ."

ಅವಳ ಲ್ಯಾಬಿನ ಕಾನೂನೇ ಅದು. ರೋಗದ ಹೆಸರನ್ನು ಬಾಯಿಬಿಟ್ಟು ಪೂರ್ತಿ ಹೇಳುವತನಕ ರಿಪೋರ್ಟ್ ಕೈಗಿಲ್ಲ.

ಊರಿಗೆಲ್ಲ ಅವಳು ಡಾಕ್ಟ್ರಮ್ಮ. ನನಗೆ ಮಾತ್ರ ಪುಟ್ಟತಾಯಿ. ನಿಡಘಟ್ಟದ ಪ್ರೈಮರಿ ಸ್ಕೂಲಿನಲ್ಲಿ ಇಬ್ಬರೂ ಒಂದೇ ಕ್ಲಾಸು. ಅವಳು ಓದಿ ಡಾಕ್ಟರಾದಳು, ಸರ್ಕಾರಿ ಆಸ್ಪತ್ರೆಯಿಂದ ರಿಟೈರಾದ ಮೇಲೆ ಈ ಲ್ಯಾಬು ತೆರೆದಳು. ನಾನೇನಾದೆ ಅಂತ ಮದ್ದೂರು, ಮಂಡ್ಯ, ಮಳವಳ್ಳಿ, ಎಲ್ಲಿ ಬೇಕಾದರೂ ಕೇಳಿಕೊಳ್ಳಿ. ಒಂದು ಮದುವೆ ದಿಬ್ಬಣವನ್ನೇ ಬೇರೆ ಛತ್ರಕ್ಕೆ ಕಳಿಸಿ, ಅಲ್ಲಿ ಊಟಕ್ಕೂ ಕೂರಿಸಿ ಬಂದವನು ನಾನು. ನನ್ನ ಕೈಲಿ ಬೇಸ್ತು ಬೀಳದ ಮನುಷ್ಯ ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿರಲಿಲ್ಲ, ಪುಟ್ಟತಾಯಿ ಒಬ್ಬಳನ್ನು ಬಿಟ್ಟು.

"ಪಾಪದ ಹೆಂಗಸ್ರಿಗೆ ಯಾಕಿಂಗೆ ಕಾಟ ಕೊಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ನಮ್ಮವ್ವ ನಿತ್ರಾಣ ನಿತ್ರಾಣ ಅಂತ್ಲೇ ಓಗ್ಬುಟ್ಲು ಕಣ್ಲಾ ಬೋರ. ಯಾವ ನಿತ್ರಾಣ ಅಂತ ಒಬ್ರೂ ಕೇಳ್ನಿಲ್ಲ. ಅವ್ಳಿಗೂ ಕೇಳಾಕೆ ಗೊತ್ತಾಗ್ನಿಲ್ಲ. ಎಸ್ರು ಗೊತ್ತಿದ್ರೆ ನಾಕು ಜನದ ಹತ್ರ ಕೇಳ್ಬೋದು, ದೊಡ್ಡಾಸ್ಪತ್ರೆಲಿ ಜೋರು ಮಾಡ್ಬೋದು."

ಬರೀ ಬಾಯಿಪಾಠ ಮಾಡಿಸಿ ಬಿಡುವವಳೂ ಅಲ್ಲ, ಅರ್ಥವನ್ನೂ ಹೇಳುತ್ತಿದ್ದಳು. ಪಾಯ್ಕಿಲೋಸೈಟೋಸಿಸ್ ಅಂದರೆ ರಕ್ತದ ಕೆಂಪು ಕಣಗಳು ಒಂದೊಂದು ಒಂದೊಂದು ಆಕಾರಕ್ಕಿರುವುದು. "ಹೊಸ ಸೊಸೆ ತಟ್ಟಿದ ರೊಟ್ಟಿ ನೋಡಿದ್ದೀಯಲ್ಲಮ್ಮ, ಒಂದ್ಕೆ ಮೂಲೆ, ಒಂದ್ಕೆ ಬಾಲ, ಅಂಗೆ." ಮ್ಯಾಕ್ರೋಸೈಟಿಕ್ ಅಂದರೆ ಕಣಗಳು ಅಳತೆ ಮೀರಿ ದಪ್ಪಗಾಗಿರುವುದು. "ನೋಡಾಕೆ ಮೈ ತುಂಬ್ಕಂಡವೆ, ಕೆಲ್ಸ ಮಾತ್ರ ಮಾಡಾಕಿಲ್ಲ. ನಿಮ್ಮೂರ ಪಂಚಾಯ್ತಿ ಮೆಂಬ್ರಂಗೆ." ಬೆಂಚಿನ ಮೇಲಿದ್ದವರೆಲ್ಲ ನಗುತ್ತಿದ್ದರು. ಒಂದು ದಿನ ಆ ಮೆಂಬರೂ ಅದೇ ಬೆಂಚಿನ ಮೇಲಿದ್ದ. ಅವನೂ ನಕ್ಕ, ಬೇರೆ ಊರಿನವನ ವಿಚಾರ ಅಂದುಕೊಂಡು.

ಇಂಥವಳನ್ನು ಬೇಸ್ತು ಬೀಳಿಸುವ ಯೋಗ ನನಗೆ ಎಪ್ಪತ್ತು ದಾಟಿದ ಮೇಲೆ ಕೂಡಿಬಂತು. ಬಸ್ಸು ಹತ್ತುವಷ್ಟರಲ್ಲಿ ನನಗೆ ಏದುಸಿರು ಬರುತ್ತಿತ್ತು. ನನ್ನ ಹೆಂಡತಿ ಸಾಕಮ್ಮ ರಕ್ತ ತೋರಿಸು ಅಂತ ಪ್ರಾಣ ತಿಂದಳು. ಊರಿನ ನರ್ಸಮ್ಮನ ಹತ್ತಿರವೇ ತೆಗೆಸಿ ಕಳಿಸುತ್ತೇನೆಂದು ಪುಟ್ಟತಾಯಿಯಿಂದ ನೇರಳೆ ಮುಚ್ಚಳದ ಸಣ್ಣ ಸೀಸೆಯೊಂದನ್ನು ಇಸಿದುಕೊಂಡು ಬಂದೆ. ಭಾನುವಾರ ಕೋಳಿ ಅಂಗಡಿಯಲ್ಲಿ ಅದನ್ನು ತುಂಬಿಸಿ, ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿ, ಏನೂ ಅರಿಯದ ಸಾಕಮ್ಮನ ಕೈಲಿ ಕಳಿಸಿದೆ. ರಿಪೋರ್ಟ್ ಬರಲಿ, ಆಮೇಲೆ ಪುಟ್ಟತಾಯಿಯ ಡಾಕ್ಟರಿಕೆಯನ್ನು ಪೇಟೆ ಬೀದಿಯಲ್ಲಿ ಹರಾಜಿಗಿಡೋಣ ಅನ್ನುವ ಲೆಕ್ಕ.

ಮಾರನೆಯ ದಿನ ಇಬ್ಬರೂ ಹೋದೆವು. ಬೆಂಚು ತುಂಬ ಜನ. ಪುಟ್ಟತಾಯಿಯ ಮುಖ ಕಲ್ಲಿನಂತಿತ್ತು.

"ಬಾ ಗೌಡ. ನಿಂದು ಅಪರೂಪದ್ದು ಕಣಯ್ಯ. ಎಸ್ರು ಏಳ್ಬುಟ್ಟು ತಗಂಡೋಗು. ನ್ಯೂಕ್ಲಿಯೇಟೆಡ್ ಏವಿಯನ್ ಎರಿಥ್ರೋಸೈಟ್ಸ್."

ನಾನು ಬಿಡುತ್ತೇನೆಯೇ. ಎದ್ದು ನಿಂತು, ಶಾಲು ಸರಿಮಾಡಿಕೊಂಡು, ಒಂದು ಅಕ್ಷರ ತಪ್ಪದಂತೆ ಹೇಳಿದೆ. ಕೇಳಿದವರಿಗೆ ಸಾಲದೆಂದು ಇನ್ನೊಮ್ಮೆ ಹೇಳಿದೆ. ಆತಗೂರಿನ ಅಜ್ಜಿ ಬಾಯಿ ಬಿಟ್ಟುಕೊಂಡು ನೋಡಿದಳು. "ಎಷ್ಟು ಸಲೀಸಾಗಿ ಏಳ್ಬುಟ್ಟ ನೋಡವ್ವ."

"ಈಗ ಅರ್ಥ ಕೇಳಿ" ಎಂದಳು ಪುಟ್ಟತಾಯಿ. "ಮನುಸ್ರ ಕೆಂಪು ಕಣ ದುಂಡಗಿರ್ತವೆ, ಒಳಗೆ ಬೀಜ ಇರಾಕಿಲ್ಲ. ಇವ್ನವು ಮೊಟ್ಟೆ ಥರ ಉದ್ದುಕ್ಕವೆ, ಒಂದೊಂದ್ರೊಳ್ಗೂ ಬೀಜ ಅದೆ. ಇಂಥ ರಕ್ತ ಇರೋದು ಹಕ್ಕಿಪಕ್ಷಿಗೆ. ಸಾಕಮ್ಮ, ನಿನ್ ಗಂಡ ಉಂಜ ಕಣಮ್ಮ. ಬೆಳಿಗ್ಗೆ ಕೂಗ್ತನ?"

ಸಾಕಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕೂಗ್ತರೆ ಕಣಕ್ಕ. ಕಾಫಿ ಕೊಡಗಂಟ ಬುಡಾಕಿಲ್ಲ."

ಆ ನಗು ಕೆಳಗಿನ ಕಾಫಿಪುಡಿ ಅಂಗಡಿಯವರೆಗೂ ಕೇಳಿಸಿರಬೇಕು. ನಾನೂ ನಕ್ಕೆ. ಸೋತವನು ಎಲ್ಲರಿಗಿಂತ ಜೋರಾಗಿ ನಗಬೇಕು, ಅದು ನಮ್ಮ ಕಸುಬಿನ ಮರ್ಯಾದೆ. ಆದರೆ ನಕ್ಕ ರಭಸಕ್ಕೆ ಉಸಿರು ಸಿಕ್ಕದೆ ಗೋಡೆ ಹಿಡಿದುಕೊಂಡೆ. ನಗು ನಿಲ್ಲಿಸಿದವಳು ಪುಟ್ಟತಾಯಿಯೇ ಮೊದಲು.

ನನ್ನನ್ನು ಒಳಗೆ ಕರೆದೊಯ್ದು ಕೂರಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ತೋಳಿಗೆ ಪಟ್ಟಿ ಕಟ್ಟಿ ತಾನೇ ರಕ್ತ ತೆಗೆದಳು. ಸಾಕಮ್ಮ ಹೊರಗೆ ಕಾಯುತ್ತಿದ್ದಳು. ಪುಟ್ಟತಾಯಿ ಬಹಳ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

"ಹಿಮೋಗ್ಲೋಬಿನ್ನು ಆರೂವರೆ ಅದೆ. ಅದ್ರಲ್ಲೇ ಮೆಟ್ಲು ಹತ್ಕಂಡು ಬಂದಿದ್ದೀಯ. ಕಣ ಎಲ್ಲ ಸಣ್ಣವು, ಬಣ್ಣಗೆಟ್ಟವು. ಹೆಂಗಸ್ರಿಗಾದ್ರೆ ಇದ್ಕೆ ನೂರು ಕಾರಣ. ನಿನ್ ವಯಸ್ಸಿನ ಗಂಡಸಿಗೆ ಅಂದ್ರೆ ಒಳಗೆಲ್ಲೋ ಸೋರ್ತಾ ಅದೆ ಅಂತ. ಮಂಡಿನೋವ್ಗೆ ಏನ್ಲಾ ನುಂಗ್ತಿದ್ದೀಯ?"

"ಮೆಡಿಕಲ್ ಸ್ಟೋರಲ್ಲಿ ಕೊಡ್ತನಲ್ಲ, ಬಿಳೀ ಮಾತ್ರೆ. ಉಂಡಾಗೆಲ್ಲ ಒಂದು."

"ಉಣ್ದೆ ಇದ್ದಾಗ?"

"ಆಗ್ಲೂ ಒಂದು."

"ಬೆಳಿಗ್ಗೆ ಹೊರಕಡೆಗೋದಾಗ ಟಾರಿನಂಗೆ ಕರ್ರಗೆ ಓಯ್ತದ?"

ನಾನು ಕಿಟಕಿ ಕಡೆ ನೋಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ಮಂಡ್ಯಕ್ಕೆ ಹೋಗಬೇಕು, ಬಾಯಿಂದ ಪೈಪು ಬಿಟ್ಟು ಹೊಟ್ಟೆ ನೋಡಬೇಕು, ಇವತ್ತೇ, ಎಂದಳು. ಪೈಪು ಅನ್ನುವ ಮಾತು ಕೇಳಿದ್ದೇ ನಾನು ಎದ್ದು ನಿಂತೆ.

"ನನ್ ಬಾಯ್ಗೆ ಮುದ್ದೆ ಬುಟ್ರೆ ಇನ್ನೇನೂ ಒಳಕ್ಕೋಗಾಕಿಲ್ಲ ಪುಟ್ಟತಾಯಿ. ನಾನು ಬತ್ತೀನಿ."

"ಸರಿ ಓಗು. ಆ ಉಂಜದ ರಿಪೋರ್ಟ್‌ಗೆ ಗ್ಲಾಸ್ ಹಾಕ್ಸಿ ಮೆಟ್ಲು ಬಾಗ್ಲಲ್ಲಿ ನೇತಾಕ್ತೀನಿ. ಬೋರೇಗೌಡ ಅಂತ ಎಸ್ರದೆ, ಊರದೆ, ವಯಸ್ಸದೆ. ಮಳವಳ್ಳಿಯಿಂದ ಬರೋರೂ ನಿಂತ್ಕಂಡು ಓದ್ಕತರೆ."

ಪುಟ್ಟತಾಯಿಯ ದನಿ ತಗ್ಗಿತು. "ನಮ್ಮವ್ವನ ಕಣ್ರೆಪ್ಪೆನೂ ಇಂಗೇ ಬೆಳ್ಳಗಿತ್ತು ಕಣ್ಲಾ. ನಂಗಾಗ ನೋಡಾಕೆ ಗೊತ್ತಿರ್ನಿಲ್ಲ."

ಅವತ್ತು ನನ್ನ ಕೈಗೆ ರಿಪೋರ್ಟ್ ಕೊಡುವಾಗ ಅವಳು ಏನನ್ನೂ ಹೇಳಿಸಲಿಲ್ಲ. ಹೊರಗಿದ್ದ ಸಾಕಮ್ಮನಿಗೆ ಮಾತ್ರ ಎಲ್ಲ ಹೆಸರನ್ನೂ ನಿಧಾನವಾಗಿ ಕಲಿಸಿದಳು.

ಮಂಡ್ಯದಲ್ಲಿ ಪೈಪು ಬಿಟ್ಟರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಜಿನುಗುತ್ತಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಸಾಕಮ್ಮನಿಗೆ ಹೇಳಿದರಂತೆ. ನನಗೆ ಹೇಳಲಿಲ್ಲ, ನಾನು ವಾರ್ಡಿನವರಿಗೆ ದಿಬ್ಬಣದ ಕಥೆ ಹೇಳುತ್ತಿದ್ದೆ. ರಕ್ತ ಹಾಕಿದರು, ಬಿಳಿ ಮಾತ್ರೆ ಬಿಡಿಸಿದರು, ಕಬ್ಬಿಣದ ಮಾತ್ರೆ ಹಿಡಿಸಿದರು.

ಐದಾರು ತಿಂಗಳು ಕಳೆದು ಮತ್ತೆ ಪುಟ್ಟತಾಯಿಯ ಹತ್ತಿರ ಹೋದೆ. ಅವಳು ನನ್ನ ರಕ್ತ ನೋಡಿದಳು, ಆಮೇಲೆ ಕುರ್ಚಿ ಬಿಟ್ಟು ಎದ್ದಳು. "ನೀನೇ ನೋಡ್ಲಾ."

ಕಣ್ಣಿಟ್ಟೆ. ದುಂಡುದುಂಡಗೆ, ಸಮಸಮನಾಗಿ, ಸಂತೆಯ ದಿನದ ಜನದಂತೆ ಒತ್ತೊತ್ತಾಗಿದ್ದವು.

"ಎಲ್ಲ ನನ್ನಂಗೇ ಲಕ್ಷಣವಾಗವೆ" ಎಂದೆ. "ಇದ್ರಲ್ಲಿ ಅವತ್ತಿನ ಬಣ್ಣಗೆಟ್ಟವು ಯಾವು?"

"ಅವು ಒಂದೂ ಇಲ್ಲ ಕಣ್ಲಾ. ಕೆಂಪು ಕಣ ಬದುಕೋದು ನಾಕು ತಿಂಗ್ಳು. ಅವೆಲ್ಲ ಒಂಟೋದೊ. ಇವು ಹೊಸಾವು, ನಿನ್ ಬುದ್ಧಿ ಏನಂತ ಇವ್ಕೆ ಇನ್ನೂ ಗೊತ್ತಿಲ್ಲ."

ಅದೇ ಕಡೆಯ ಭೇಟಿ. ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಒರಗಿದ ಪುಟ್ಟತಾಯಿ ಮತ್ತೆ ಏಳಲಿಲ್ಲ. ಆ ಮಹಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಾನು ಬೇರೆ ಕಡೆ ರಕ್ತ ಕೊಡುತ್ತೇನೆ. ಮೆಷಿನ್ನು ಕಾಗದ ಉಗುಳುತ್ತದೆ, ಕೌಂಟರಿನ ಹುಡುಗಿ ಮಡಿಸಿ ಕೈಗಿಡುತ್ತಾಳೆ.

ಅವಳು ತೋರಿಸಿದ ಆ ಕಣಗಳೂ ಹೋಗಿ ಬಹಳ ಕಾಲವಾಯಿತು. ಈಗ ನನ್ನ ಮೈಯಲ್ಲಿ ಓಡಾಡುತ್ತಿರುವವು ಒಂದೂ ಪುಟ್ಟತಾಯಿಯ ಕಣ್ಣಿಗೆ ಬಿದ್ದವಲ್ಲ. ಆದರೂ ಮದ್ದೂರು ಸ್ಟೇಷನ್ನಿನ ಮೇಲ್ಸೇತುವೆಯನ್ನು ಎಲ್ಲಿಯೂ ನಿಲ್ಲದೆ ಹತ್ತಿಬಿಡುತ್ತೇನೆ. ಈಗೀಗ ಕೆಳಗೆ ನಿಂತು ಏದುಸಿರು ಬಿಡುವವಳು ಸಾಕಮ್ಮ. "ಮೆಲ್ಲಕ್ ಓಗಿ, ನಾನೂ ಬರ್ಬೇಡ್ವ" ಎಂದು ಗದರುತ್ತಾಳೆ. ನಾಳೆ ಅವಳನ್ನೂ ಕರೆದುಕೊಂಡು ಹೋಗಿ ರಕ್ತ ಕೊಡಿಸಬೇಕು. ಯಾವ ಏದುಸಿರು ಅಂತ ಕೇಳದೆ ಆ ಕೌಂಟರಿನಿಂದ ಅಲ್ಲಾಡುವುದಿಲ್ಲ.